ಕಾಯಿಸುವುದು ಸುಲಭ, ತಣಿಸುವುದೇ ಕಷ್ಟ

ತ್ರೀಡಿ ಪ್ರಿಂಟರಿನಲ್ಲಿ ಪಿಎಲ್‌ಎ ಫಿಲಮೆಂಟ್ ಬಳಸಿ ಕೈ ಪಳಗಿದವರು ಒಂದಲ್ಲ ಒಂದು ದಿನ ಪಾಲಿಕಾರ್ಬೊನೇಟಿಗೆ ಕೈಹಾಕುತ್ತಾರೆ. ಕಾರಣವಿದೆ. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅದರ ಮೊಬೈಲ್ ಸ್ಟ್ಯಾಂಡ್ ಸೊಟ್ಟಗಾಗುವುದು ಅದಕ್ಕೇ. ಶುದ್ಧ ಪಾಲಿಕಾರ್ಬೊನೇಟ್ ಸುಮಾರು 147 ಡಿಗ್ರಿಯ ತನಕ ಗಟ್ಟಿಯಾಗಿರುತ್ತದೆ. ಆದರೆ ಪ್ರಿಂಟ್ ಮಾಡಲು ಹೊರಟರೆ ಮೂಲೆ ಮೇಲೇಳುತ್ತದೆ, ಇಲ್ಲವೇ ಗೋಡೆ ಅಡ್ಡಕ್ಕೆ ಸೀಳುತ್ತದೆ. ಆಗ ಹೆಚ್ಚಿನವರು ಮೊದಲು ಏರಿಸುವುದು ನಾಝಲ್‌ನ ತಾಪಮಾನವನ್ನು. ಅದಕ್ಕೂ ಮುಂಚೆ ಕೆಟ್ಟ ತುಂಡನ್ನು ಕೈಯಲ್ಲಿ ಹಿಡಿದು ನೋಡುವುದು ಒಳ್ಳೆಯದು.

ಮೂಲೆ ಎದ್ದಿದ್ದರೆ ಕಾರಣ ಕುಗ್ಗುವಿಕೆ. ಒಂದು ಡಿಗ್ರಿ ತಣಿದರೆ ಪಾಲಿಕಾರ್ಬೊನೇಟ್ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 70 ಭಾಗದಷ್ಟು ಕುಗ್ಗುತ್ತದೆ. ಕೇಳಲು ಅತ್ಯಲ್ಪ. ಆದರೆ 100 ಮಿಲಿಮೀಟರ್ ಉದ್ದದ ಪದರ 147 ಡಿಗ್ರಿಯಿಂದ 27ಕ್ಕೆ ಇಳಿಯುವಾಗ 0.8 ಮಿಲಿಮೀಟರಿಗೂ ಹೆಚ್ಚು ಕುಗ್ಗಬೇಕು. ಕೆಳಗಿನ ಪದರ ಆಗಲೇ ಗಟ್ಟಿಯಾಗಿರುವುದರಿಂದ ಬಗ್ಗುವುದಿಲ್ಲ. ಮೇಲಿನದು ಎಳೆಯುತ್ತಲೇ ಇರುತ್ತದೆ. ಪದರದ ಮೇಲೆ ಪದರ ಬಿದ್ದಂತೆ ಆ ಎಳೆತ ಒಟ್ಟುಗೂಡಿ ಮೂಲೆಯನ್ನು ಬೆಡ್‌ನಿಂದ ಕೀಳುತ್ತದೆ. ಇದಕ್ಕೆ ಮದ್ದು, 110 ಡಿಗ್ರಿ ದಾಟಿದ ಬೆಡ್ ಮತ್ತು ಯಂತ್ರದ ಸುತ್ತ ಮುಚ್ಚಿದ ಪೆಟ್ಟಿಗೆ. ಯಂತ್ರದೊಳಗಿನ ಇಡೀ ಕೋಣೆಯನ್ನೇ ಕಾಯಿಸುವ ವಿನ್ಯಾಸದ ಮೇಲೆ ಸ್ಟ್ರಾಟಸಿಸ್ ಕಂಪನಿ ಪಡೆದಿದ್ದ ಅಮೆರಿಕದ ಪೇಟೆಂಟಿನ ಅವಧಿ 2021ರಲ್ಲಷ್ಟೇ ಮುಗಿಯಿತು. ಅಗ್ಗದ ಯಂತ್ರಗಳಲ್ಲಿ ಬಹುಕಾಲ ಈ ಸೌಲಭ್ಯ ಕಾಣದಿರಲು ಅದೂ ಒಂದು ಕಾರಣ.

ಪದರಗಳ ನಡುವೆ ಸೀಳು ಬಿಟ್ಟಿದ್ದರೆ ತುಂಡನ್ನು ಮುರಿದು ನೋಡಿ. ಮುರಿದ ಮೈ ನುಣ್ಣಗೆ, ಪದರದ ಗೆರೆಗುಂಟವೇ ಇದ್ದರೆ ಪದರಗಳು ಬೆಸೆದೇ ಇರಲಿಲ್ಲ ಎಂದರ್ಥ. ಗೆರೆಗಳನ್ನು ದಾಟಿ ಒರಟಾಗಿ ಮುರಿದಿದ್ದರೆ ಬೆಸುಗೆ ಚೆನ್ನಾಗಿಯೇ ಇದೆ. ಪ್ಲಾಸ್ಟಿಕ್‌ನ ಅಣುಗಳು ಉದ್ದನೆಯ ಸರಪಳಿಗಳು. ಹೊಸ ಪದರದ ಸರಪಳಿಗಳು ಹಳೆಯ ಪದರದೊಳಕ್ಕೆ ನುಸುಳಿ ಹೆಣೆದುಕೊಂಡರಷ್ಟೇ ಎರಡೂ ಒಂದಾಗುತ್ತವೆ. ಆ ಜಾಗ ಮೆತ್ತಗಿರುವ ತನಕ ಮಾತ್ರ ಅದು ಸಾಧ್ಯ, ಆ ಅವಧಿಯೋ ಬಹಳ ಚಿಕ್ಕದು. ಪಿಎಲ್‌ಎಗೆ ಒದಗಿಬರುವ, ಪದರ ತಣಿಸುವ ಫ್ಯಾನ್ ಇಲ್ಲಿ ಈ ಅವಧಿಯನ್ನು ಇನ್ನೂ ಕಿರಿದಾಗಿಸುತ್ತದೆ. ಅದನ್ನು ಆರಿಸಿ.

ಪ್ರಿಂಟ್ ಆಗುವಾಗ ಚಟಪಟ ಸದ್ದು, ಮೈಮೇಲೆ ಗುಳ್ಳೆ, ನೂಲಿನಂಥ ಎಳೆಗಳು ಕಂಡರೆ ಫಿಲಮೆಂಟ್ ತೇವ ಹೀರಿದೆ. ನಾಝಲ್ ಒಳಗೆ ನೀರು ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 1.7 ಲೀಟರ್. ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ: ಆ ಬಿಸಿಯಲ್ಲಿ ನೀರು ಪಾಲಿಕಾರ್ಬೊನೇಟಿನ ಸರಪಳಿಗಳನ್ನೇ ತುಂಡರಿಸುತ್ತದೆ. ಹೊರಗೆ ಚೆನ್ನಾಗಿ ಕಂಡ ತುಂಡೂ ಪೆಳಸಾಗಿರಬಹುದು. ಮಳೆಗಾಲದ ಮಂಗಳೂರು, ಉಡುಪಿಯಲ್ಲಂತೂ ಬಿಚ್ಚಿಟ್ಟ ಸುರುಳಿ ಬೇಗ ತೇವ ಹಿಡಿಯುತ್ತದೆ. ತಯಾರಕರು ಹೇಳಿದ ತಾಪದಲ್ಲಿ ಕೆಲವು ಗಂಟೆ ಒಣಗಿಸಿ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡುವುದು ಒಳ್ಳೆಯದು.

ಫಿಲಮೆಂಟನ್ನು ತಳ್ಳುವ ಎಕ್ಸ್‌ಟ್ರೂಡರ್ ಟಕ್ ಟಕ್ ಎಂದು ಜಾರಿ, ಎಳೆ ತೆಳ್ಳಗಾಗುತ್ತಿದ್ದರೆ ನಾಝಲ್ ಕಡೆ ಗಮನ ಕೊಡಬೇಕು. ಕೆಳಗಿನ ಶಾಖ ಮೇಲಕ್ಕೆ ಹತ್ತಿ, ಫಿಲಮೆಂಟ್ ಕರಗಬಾರದ ಜಾಗದಲ್ಲೇ ಮೆತ್ತಗಾಗಿ ಸಿಕ್ಕಿಕೊಂಡಿರಬಹುದು. ಫಿಲಮೆಂಟನ್ನು ಕರಗಿಸುವ ಹಾಟ್‌ಎಂಡ್‌ನ ತಂಪಿನ ಫ್ಯಾನನ್ನು ಮಾತ್ರ ಎಂದಿಗೂ ನಿಲ್ಲಿಸಬಾರದು. ಪಾಲಿಕಾರ್ಬೊನೇಟಿಗೆ ನಾಝಲ್ 260ರಿಂದ 310 ಡಿಗ್ರಿ ಬೇಕು. ಅಗ್ಗದ ಹಾಟ್‌ಎಂಡ್‌ಗಳೊಳಗಿನ ಟೆಫ್ಲಾನ್ ಕೊಳವೆ 250ರ ಆಚೆ ಹಾಳಾಗತೊಡಗುತ್ತದೆ, ಅದರ ಹೊಗೆ ಹಕ್ಕಿಗಳ ಪ್ರಾಣಕ್ಕೇ ಕುತ್ತು. ಪೂರ್ತಿ ಲೋಹದ ಹಾಟ್‌ಎಂಡ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಮೊದಲು ಒಣಗಿಸಿ, ಆಮೇಲೆ ಪೆಟ್ಟಿಗೆ ಮುಚ್ಚಿ, ಪದರದ ಫ್ಯಾನ್ ಆರಿಸಿ, ಬೆಡ್ ಕಾಯಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಝಲ್ ತಾಪ ಏರಿಸುವುದು ಕಡೆಗೆ. ತೇವ ಹಿಡಿದ ಫಿಲಮೆಂಟಿನಲ್ಲಿ ಹೆಚ್ಚಿನ ಬಿಸಿ ಸರಪಳಿಗಳನ್ನು ಇನ್ನಷ್ಟು ಬೇಗ ಕಡಿಯುತ್ತದೆ, ತೆರೆದ ಯಂತ್ರದಲ್ಲಿ ತಣಿಯಬೇಕಾದ ದೂರವನ್ನು ಇನ್ನಷ್ಟು ಹೆಚ್ಚಿಸುತ್ತದೆ.