ಹಳೆಯ ವಾಹನದ ಚೌಕಟ್ಟು: ತುಕ್ಕು ಮತ್ತು ರಕ್ಷಾಲೇಪ

ಕಬ್ಬಿಣಕ್ಕೆ ತುಕ್ಕು ಶತ್ರುವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಆ ಶತ್ರು ಯಾವ ದಿಕ್ಕಿನಿಂದ ಬರುತ್ತಾನೆಂಬುದನ್ನು ಅರಿತವರು ವಿರಳ. ಬ್ರಿಟನ್ನಿನ ಲ್ಯಾಂಡ್ ರೋವರ್ ವಾಹನವು ಇದಕ್ಕೆ ಉತ್ತಮ ನಿದರ್ಶನ.

1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ವಾಹನದ ಹೊರಮೈ ಅಲ್ಯೂಮಿನಿಯಂ ಮಿಶ್ರಲೋಹದ್ದು. ಯುದ್ಧಾನಂತರದ ಉಕ್ಕಿನ ಅಭಾವ ಅದಕ್ಕೆ ಕಾರಣ. ಆದರೆ ಎಂಜಿನ್ನು, ಚಕ್ರ, ಸ್ಟಿಯರಿಂಗುಗಳನ್ನು ಹೊರುವ ಚೌಕಟ್ಟು, ಅಂದರೆ ಚಾಸಿ, ಉಕ್ಕಿನದೇ. ಉಕ್ಕಿನ ಪಟ್ಟಿಗಳನ್ನು ಬೆಸೆದು ಅದನ್ನು ಪೆಟ್ಟಿಗೆಯಂತೆ ಟೊಳ್ಳಾಗಿ ರೂಪಿಸಿದ್ದರು. ಪ್ರಾಯೋಗಿಕವಾಗಿ ತಯಾರಿಸಿದ ಮೊದಲ ವಾಹನಗಳ ಚಾಸಿಗೆ ಸತುವಿನ ಲೇಪವಿತ್ತು. ಮಾರಾಟಕ್ಕೆ ಬಂದವುಗಳಿಗೆ ದೊರೆತದ್ದು ಬಣ್ಣ ಮಾತ್ರ.

ನೀರು ಮತ್ತು ಆಮ್ಲಜನಕ ಎರಡೂ ಕೂಡಿದಾಗ ಉಕ್ಕು ತುಕ್ಕಾಗುತ್ತದೆ. ಉಪ್ಪು ಈ ಕ್ರಿಯೆಯನ್ನು ತ್ವರೆಗೊಳಿಸುತ್ತದೆ. ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವುದುಂಟು. ಆ ಕೆಸರುನೀರು ರಂಧ್ರಗಳ ಮೂಲಕ ಚಾಸಿಯ ಟೊಳ್ಳಿನೊಳಗೆ ಸೇರಿ ಅಲ್ಲಿಯೇ ನಿಲ್ಲುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ಲೋಹ ಸವೆಯುತ್ತದೆ. ಸ್ಪ್ರಿಂಗುಗಳನ್ನು ಹಿಡಿದಿರುವ ಭಾಗ ಹೀಗೆ ಶಿಥಿಲವಾದರೆ ಓಟದ ನಡುವೆ ಪ್ರಾಣಾಪಾಯವೂ ಸಂಭವಿಸಬಹುದು. ಆದುದರಿಂದ ಲೇಪಕ್ಕೆ ಮುನ್ನ ಚಾಸಿಯನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಪರೀಕ್ಷಿಸಬೇಕು. ಮಂಕಾದ ಸದ್ದು ಬಂದಲ್ಲಿ ಸಂಶಯಪಟ್ಟು, ಕೊಳೆತ ಭಾಗವನ್ನು ಕತ್ತರಿಸಿ ಹೊಸ ಉಕ್ಕನ್ನು ಬೆಸೆಯಬೇಕು. ಲೇಪವು ಕಳೆದ ಬಲವನ್ನು ಮರಳಿ ಕೊಡಲಾರದು.

ಅನಂತರ ಜಿಡ್ಡು ಮತ್ತು ಉಪ್ಪನ್ನು ತೊಳೆದು, ಪೂರ್ಣವಾಗಿ ಒಣಗಿಸಿ, ಸಡಿಲ ತುಕ್ಕನ್ನು ತಂತಿಯ ಬ್ರಷ್ಷಿನಿಂದಾಗಲಿ ರಭಸದಿಂದ ಚಿಮ್ಮಿಸುವ ಒರಟು ಕಣಗಳಿಂದಾಗಲಿ ತೆಗೆಯಬೇಕು. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ, ಅದರ ಮೇಲೆ ಬಳಿದ ಬಣ್ಣ ಉಬ್ಬಿ ಕಿತ್ತುಬರುತ್ತದೆ.

ರಕ್ಷಾಲೇಪಗಳು ಮುಖ್ಯವಾಗಿ ಮೂರು ವಿಧ. ಎಪಾಕ್ಸಿ ಬಣ್ಣವು ನೀರು ಮತ್ತು ಗಾಳಿಗೆ ತಡೆಗೋಡೆಯಾಗುತ್ತದೆ. ಗೀರು ಬಿದ್ದಲ್ಲಿ ಆ ತಡೆ ಮುರಿಯುತ್ತದೆ. ಸತುವು ಇನ್ನೂ ಒಂದು ಹೆಜ್ಜೆ ಮುಂದೆ: ಗೀರಿನಲ್ಲಿಯೂ ತಾನು ಮೊದಲು ಸವೆದು ಉಕ್ಕನ್ನು ಉಳಿಸುತ್ತದೆ. ಸುಮಾರು 450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿದ ಸತುವಿನಲ್ಲಿ ಚಾಸಿಯನ್ನು ಮುಳುಗಿಸಿದರೆ ಒಳಗೂ ಹೊರಗೂ ಲೇಪವಾಗುತ್ತದೆ; ಆದರೆ ದ್ರವವೂ ಗಾಳಿಯೂ ಸಂಚರಿಸಲು ರಂಧ್ರಗಳಿರಬೇಕು, ಶಾಖಕ್ಕೆ ಚಾಸಿ ಸೊಟ್ಟಗಾಗದಂತೆ ಎಚ್ಚರ ವಹಿಸಬೇಕು. ಸತು ಹಚ್ಚಿದ ಮೇಲೆ ಬೆಸುಗೆ ಮಾಡಿದರೆ ಏಳುವ ಹೊಗೆ ಆರೋಗ್ಯಕ್ಕೆ ಹಾನಿಕರ. ಆದ್ದರಿಂದ ಬೆಸುಗೆಯ ಕೆಲಸ ಮೊದಲೇ ಮುಗಿದಿರಬೇಕು. ಮೂರನೆಯದು ಮೇಣ. ಉದ್ದನೆಯ ಕೊಳವೆಯ ಮೂಲಕ ಟೊಳ್ಳಿನೊಳಗೆ ಸಿಂಪಡಿಸಿದ ಮೇಣವು ಬ್ರಷ್ಷು ತಲುಪದ ಸಂದುಗಳಿಗೂ ಹರಿಯುತ್ತದೆ. ಕಾಲಕಾಲಕ್ಕೆ ಇದನ್ನು ನವೀಕರಿಸಬೇಕು.

ಗಡುಸಾಗಿ ಬಿರಿಯುವ ದಪ್ಪನೆಯ ರಬ್ಬರು ಲೇಪ ಮಾತ್ರ ಮೋಸಕರ. ಬಿರುಕಿನೊಳಗೆ ಸೇರಿದ ನೀರನ್ನು ಅದು ಮರೆಮಾಚಿ ಕಾಪಾಡುತ್ತದೆ. ನೀರು ಹರಿದುಹೋಗುವ ರಂಧ್ರಗಳನ್ನು ಎಂದಿಗೂ ಮುಚ್ಚಬಾರದು. ಯಾವ ಲೇಪವೇ ಇರಲಿ, ವರ್ಷಕ್ಕೊಮ್ಮೆಯಾದರೂ ಚಾಸಿಯ ಅಡಿಭಾಗವನ್ನು ತೊಳೆದು ಒಣಗಿಸಿ ಪರಿಶೀಲಿಸುವುದು ಅವಶ್ಯ.

ಹೊರಮೈಯ ಅಂದವನ್ನು ನೋಡುವವರು ಅನೇಕ. ವಾಹನದ ಆಯುಷ್ಯ ನಿಂತಿರುವುದಾದರೋ ಕಣ್ಣಿಗೆ ಬೀಳದ ಒಳಮೈಯ ಮೇಲೆ. ಆರೈಕೆಯ ಮೊದಲ ಪಾಲು ಅದಕ್ಕೇ ಸಲ್ಲತಕ್ಕದ್ದು.