ಒರಳಿನಿಂದ ಬಾಕ್ಸಿಗೆ

ಮಕ್ಕಳ ಬಾಕ್ಸಿಗೆಂದು ಮಾಡುವ ಅಡುಗೆಯ ಲೆಕ್ಕವೇ ಬೇರೆ. ಬೆಳಿಗ್ಗೆ ಏಳಕ್ಕೆ ಹಾಕಿದ ಮುಚ್ಚಳ ತೆರೆಯುವುದು ಹನ್ನೆರಡೂವರೆಗೆ. ಅಷ್ಟರಲ್ಲಿ ದೋಸೆ ಚಕ್ಕಳವಾಗಿರುತ್ತದೆ, ಉಪ್ಪಿಟ್ಟು ಇಡಿಯಾಗಿ ಕಿತ್ತು ಬರುತ್ತದೆ, ಸೌತೆಕಾಯಿ ತಾನು ಬಾಡುವುದಲ್ಲದೆ ನೀರು ಬಿಟ್ಟು ಪಕ್ಕದ ಚಪಾತಿಯನ್ನೂ ಕೆಡಿಸಿರುತ್ತದೆ. ಮೇಲಾಗಿ ಪಕ್ಕದ ಬೆಂಚಿನ ಬಾಕ್ಸಿನಿಂದ ನೂಡಲ್ಸ್ ಘಮ ಬರುತ್ತಿರುತ್ತದೆ. ‘ಮನೆಯಲ್ಲೇ ಮಾಡಿ ಕೊಡಿ’ ಎಂದು ಉಪದೇಶಿಸುವವರು ಸಾಮಾನ್ಯವಾಗಿ ಈ ಐದೂವರೆ ಗಂಟೆಯನ್ನು ಮರೆತಿರುತ್ತಾರೆ.

ನೂಡಲ್ಸಿನಿಂದಲೇ ಶುರು ಮಾಡೋಣ. ದಿಢೀರ್ ನೂಡಲ್ಸನ್ನು 1958ರಲ್ಲಿ ಮಾರುಕಟ್ಟೆಗೆ ತಂದವರು ಜಪಾನಿನ ಮೊಮೊಫುಕು ಆಂಡೊ. ಬೆಂದ ಎಳೆಗಳನ್ನು ಕಾದ ಎಣ್ಣೆಯಲ್ಲಿ ಕರಿದಾಗ ಒಳಗಿನ ನೀರು ಆವಿಯಾಗಿ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ಆಮೇಲೆ ಬಿಸಿನೀರು ಆ ತೂತುಗಳಲ್ಲಿ ನುಗ್ಗಿ ನಿಮಿಷಗಳಲ್ಲಿ ಎಳೆಯನ್ನು ಮೆತ್ತಗೆ ಮಾಡುತ್ತದೆ. ಜಾಣ ಉಪಾಯವೇ, ಸಂಶಯವಿಲ್ಲ. ಆದರೆ ನೀರು ಬಿಟ್ಟ ಜಾಗದಲ್ಲಿ ಒಂದಿಷ್ಟು ಎಣ್ಣೆ ಬಂದು ಕೂರುತ್ತದೆ. ನಮ್ಮ ಅಂಗಡಿಗಳ ಪ್ಯಾಕೆಟ್ಟುಗಳಲ್ಲಿ ಅದು ಬಹುಮಟ್ಟಿಗೆ ತಾಳೆ ಎಣ್ಣೆ.

ಧಾರವಾಡ, ವಿಜಯಪುರದ ಕಡೆ ಎಳೆಯನ್ನು ಒಣಗಿಸುವ ಕೆಲಸವನ್ನು ಬಿಸಿಲಿಗೆ ಬಿಟ್ಟಿದ್ದರು. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರೆಲ್ಲ ಒಂದು ಮನೆಯಲ್ಲಿ ಸೇರಿ, ನಾದಿದ ಗೋಧಿ ಕಣಕವನ್ನು ಶ್ಯಾವಿಗೆ ಮಣೆಯ ಮೇಲೆ ಹೊಸೆದು, ಕೋಲಿನ ಮೇಲೆ ಎಳೆ ಎಳೆಯಾಗಿ ಇಳಿಬಿಟ್ಟು ಒಣಗಿಸಿ ವರ್ಷಕ್ಕಾಗುವಷ್ಟು ಡಬ್ಬಕ್ಕೆ ತುಂಬುತ್ತಿದ್ದರು. ಈಗಲೂ ಸ್ವಸಹಾಯ ಸಂಘಗಳ ಹೆಂಗಸರು ಮಾಡಿದ ಶ್ಯಾವಿಗೆ ಸಂತೆ, ಮೇಳಗಳಲ್ಲಿ ಸಿಗುತ್ತದೆ. ಕುದಿಯುವ ನೀರಿಗೆ ಹಾಕಿ, ಬೆಂದ ಕೂಡಲೇ ಬಸಿದರಾಯಿತು. ಬೆಳಗಿನ ಅವಸರಕ್ಕೆ ಪ್ಯಾಕೆಟ್ಟಿಗೇನೂ ಕಡಿಮೆಯಿಲ್ಲ.

ಹಳೇ ಮೈಸೂರು, ಮಲೆನಾಡು, ಕರಾವಳಿಯದು ಒತ್ತು ಶ್ಯಾವಿಗೆ. ಇದರಲ್ಲಿ ಕೈಚಳಕ ಹೆಚ್ಚು ಬೇಕು. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬುವಾಗ ಒಂದು ಹಿಡಿ ಕಾಯಿತುರಿ ಸೇರಿಸುವುದುಂಟು. ಅದು ರುಚಿಗೆ ಮಾತ್ರವಲ್ಲ. ಕಾಯಿಯ ಜಿಡ್ಡು ಎಳೆಯನ್ನು ಮೆತ್ತಗಿಡುತ್ತದೆ. ಹಿಟ್ಟನ್ನು ಒಲೆಯ ಮೇಲೆ ಕೈಬಿಡದೆ ತಿರುವಿ ಗಟ್ಟಿ ಮಾಡಿ, ಉಂಡೆ ಕಟ್ಟಿ, ಹಬೆಯಲ್ಲೋ ಕುದಿನೀರಿನಲ್ಲೋ ಬೇಯಿಸುತ್ತಾರೆ. ನೀರಿನಲ್ಲಾದರೆ ಬೆಂದ ಉಂಡೆ ತಾನಾಗಿ ತೇಲಿ ಬರುತ್ತದೆ. ಬಿಸಿ ಆರುವ ಮೊದಲು ಒರಳಿಗೆ ಹಾಕಿ ಒತ್ತಬೇಕು. ತಣಿದರೆ ಅಕ್ಕಿಯ ಪಿಷ್ಟ ಬಿಗಿದುಕೊಂಡು ಒರಳಿನ ಹಿಡಿ ತಿರುಗಿಸುವವರ ರಟ್ಟೆ ಬೀಳುತ್ತದೆ. ಒಬ್ಬರು ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ತಟ್ಟೆ ಹಿಡಿದು ಸುತ್ತಿಸಬೇಕು. ಅಪ್ಪಂದಿರಿಗೆ ಇದಕ್ಕಿಂತ ಹೊಂದುವ ಅಡುಗೆ ಕೆಲಸ ಬೇರೆ ಸಿಗಲಿಕ್ಕಿಲ್ಲ. ರಾಗಿಯದೂ ಮಾಡಬಹುದು, ಆದರೆ ರಾಗಿ ಹಿಟ್ಟೊಂದನ್ನೇ ಹಾಕಿದರೆ ಎಳೆ ಬೇಗ ತುಂಡಾಗುತ್ತದೆ. ಸರಿಪಾಲು ಅಕ್ಕಿ ಹಿಟ್ಟು ಬೆರೆತರೆ ನಿಲ್ಲುತ್ತದೆ.

ಪಿಷ್ಟ ಬಿಗಿಯುವ ಇದೇ ಗುಣ ಬಾಕ್ಸಿನಲ್ಲೂ ಕಾಡುತ್ತದೆ, ಮಧ್ಯಾಹ್ನಕ್ಕೆ ಎಳೆ ಬಿರುಸಾಗುತ್ತದೆ. ಹಿಂದಿನ ಸಂಜೆ ಒತ್ತಿದ್ದನ್ನು ಆರಿದ ಕೂಡಲೇ ಮುಚ್ಚಿ ಫ್ರಿಜ್ಜಿನಲ್ಲಿಡಿ. ಬೆಂದ ಅಕ್ಕಿಯ ಪದಾರ್ಥ ರಾತ್ರಿಯೆಲ್ಲ ಹೊರಗಿರಬಾರದು. ಬೆಳಿಗ್ಗೆ ಐದು ನಿಮಿಷ ಹಬೆ ತೋರಿಸಿದರೆ ಎಳೆ ಮತ್ತೆ ಮೆತ್ತಗಾಗುತ್ತದೆ. ಒಗ್ಗರಣೆಗೆ ಎಣ್ಣೆ ಒಂದು ಚಮಚ ಹೆಚ್ಚೇ ಇರಲಿ, ತೀರಾ ಜಿಪುಣತನ ಮಾಡಿದರೆ ಎಳೆ ಅಂಟಿಕೊಳ್ಳುತ್ತದೆ. ಕ್ಯಾರೆಟ್ಟು, ಬೀನ್ಸು, ದೊಣ್ಣೆಮೆಣಸಿನಕಾಯಿಯನ್ನು ಉದ್ದುದ್ದ ಹೆಚ್ಚಿ ನೀರಿನಂಶ ಹೋಗುವವರೆಗೆ ಬಾಡಿಸಬೇಕು. ನಿಂಬೆಹಣ್ಣು ಹಿಂಡುವುದು ಒಲೆ ಆರಿಸಿದ ಮೇಲೆ. ಮುಚ್ಚಳ ಹಾಕುವುದು ಆವಿ ಹೋದ ಮೇಲೆ, ಇಲ್ಲವಾದರೆ ಮುಚ್ಚಳದಿಂದ ತೊಟ್ಟಿಕ್ಕುವ ನೀರು ಅಷ್ಟೂ ಕೆಲಸವನ್ನು ಹಾಳು ಮಾಡುತ್ತದೆ.

ಇಷ್ಟಾದರೂ ಮಗು ‘ಇದು ನೂಡಲ್ಸ್ ಥರ ಇಲ್ಲ’ ಎಂದೀತು. ಸರಿಯಾಗಿಯೇ ಹೇಳುತ್ತದೆ. ಪ್ಯಾಕೆಟ್ಟಿನ ರುಚಿ ಇರುವುದು ಪುಡಿಯಲ್ಲಿ. ಜಜ್ಜಿದ ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದು, ಅರ್ಧ ಚಮಚ ಸಾರಿನ ಪುಡಿ, ಚಿಟಿಕೆ ಬೆಲ್ಲ ಹಾಕಿದರೆ ಆ ಕಡೆಗೆ ಸಾಕಷ್ಟು ದೂರ ಹೋಗಬಹುದು. ಪುಡಿಯ ಉಪ್ಪಿನ ಲೆಕ್ಕ ಬೇಕಿದ್ದರೆ ಪ್ಯಾಕೆಟ್ಟಿನ ಹಿಂದೆ ಬರೆದ ಸೋಡಿಯಮ್ಮನ್ನು 2.5ರಿಂದ ಗುಣಿಸಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಉಪ್ಪಿನ ಗೆರೆ ಎಳೆದಿದೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ.

ಹಾಗೆಂದು ಒತ್ತು ಶ್ಯಾವಿಗೆಯನ್ನು ಅಟ್ಟಕ್ಕೇರಿಸಬೇಕಿಲ್ಲ. ಅಕ್ಕಿಯದಾದರೆ ಅದು ಬರೀ ಅನ್ನವೇ, ಎಳೆಯ ರೂಪದಲ್ಲಿದೆ ಅಷ್ಟೆ. ಮೊಳಕೆ ಹೆಸರುಕಾಳು, ಹುರಿದ ಕಡಲೆಕಾಯಿ ಬೀಜ ಅಥವಾ ಒಡೆದು ಹುರಿದ ಮೊಟ್ಟೆ ಸೇರಿದರೆ ಮಾತ್ರ ಅದು ಊಟವಾಗುತ್ತದೆ. ಜೊತೆಗೆ ಕೇಳುವ ಕೆಚಪ್ಪಿನ ಬದಲು ಮನೆಯ ಟೊಮೆಟೊ ಗೊಜ್ಜನ್ನು ನೀರು ಇಂಗಿಸಿ ಕೊಡಬಹುದು.

ಹಾಲಿಗೆ ಬೆರೆಸುವ ಚಾಕೊಲೆಟ್ ಪುಡಿಗೂ ನಮ್ಮಲ್ಲಿ ಒಂದು ಹಳೆಯ ಜೋಡಿಯಿದೆ, ರಾಗಿ ಹುರಿಹಿಟ್ಟು. ಆಹಾರ ಸುರಕ್ಷತೆ ಕಾಯ್ದೆಯಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ವರ್ಗವೇ ಇಲ್ಲ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ತಿಳಿಸಿತ್ತು. ಅದೇ ವರ್ಷ ನಮ್ಮ ಸರ್ಕಾರಿ ಶಾಲೆಗಳಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವುದೂ ಶುರುವಾಯಿತು. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ರೊಳಗೆ. ತೊಳೆದ ರಾಗಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಹದವಾದ ತೇವದಲ್ಲಿ ಕಾದ ಮರಳಿಗೆ ಸುರಿದರೆ ಅರಳು ಸಿಡಿಯುತ್ತದೆ. ಮರಳು 230ರಿಂದ 250 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು. ಜರಡಿ ಹಿಡಿದು ಬೀಸಿದ ಹಿಟ್ಟಿಗೆ ಕೋಕೊವನ್ನು ನೆನಪಿಸುವ ಘಮ, ಬಣ್ಣ. ಆಗಲೇ ಬೆಂದಿರುವುದರಿಂದ ಒಲೆಯ ಹಂಗಿಲ್ಲದೆ ತುಪ್ಪ, ಬೆಲ್ಲ ಸೇರಿಸಿ ಉಂಡೆ ಕಟ್ಟಬಹುದು. ಬಾಕ್ಸಿಗಾದರೆ ಹಸಿ ಕಾಯಿ ಬೇಡ, ಸೆಕೆಗೆ ಹಳಸುತ್ತದೆ. ಕೊಬ್ಬರಿ ಹಾಕಿ.

ಬೆಲ್ಲದ ಬಗ್ಗೆ ಮಾತ್ರ ನಮಗೊಂದು ಮೂಢನಂಬಿಕೆ ಅಂಟಿಕೊಂಡಿದೆ, ಅದು ಸಕ್ಕರೆಯಲ್ಲವೆಂದು. ದೇಹ ಅಂಥ ಭೇದವೆಣಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಎಂಟು ವರ್ಷದ ಮಗುವಿಗೆ ದಿನದ ಒಟ್ಟು ಸಿಹಿ ಸುಮಾರು 40 ಗ್ರಾಂ ದಾಟಬಾರದು, ಅದರ ಅರ್ಧಕ್ಕೆ ಇಳಿದರೆ ಇನ್ನೂ ಒಳ್ಳೆಯದು. ಉಂಡೆ ನಿಂಬೆಹಣ್ಣಿನ ಗಾತ್ರದ್ದಿದ್ದರೆ ಒಂದು ಸಾಕು.

ಒರಳು ಕೊಳ್ಳುವವರಿಗೆ ಎರಡು ಮಾತು. ಚಕ್ಕುಲಿ ಒರಳಿಗೆ ಸಣ್ಣ ತೂತಿನ ಬಿಲ್ಲೆ ಹಾಕಿದರೂ ಶ್ಯಾವಿಗೆ ಬರುತ್ತದೆ, ಆದರೆ ನಾಲ್ಕು ಜನಕ್ಕೆ ಒತ್ತುವಷ್ಟರಲ್ಲಿ ಅಂಗೈ ಕೆಂಪಾಗುತ್ತದೆ. ಪಾತ್ರೆ ಅಂಗಡಿಯಲ್ಲಿ ಮೂರು ಕಾಲಿನ ತಿರುಪಿನ ಒರಳನ್ನೇ ಕೇಳಿ. ಕಾಲುಗಳು ಅಲುಗದಂತಿವೆಯೇ ಎಂದು ನೆಲದ ಮೇಲಿಟ್ಟು ನೋಡಿ. ಕೆಲಸ ಮುಗಿದ ಕೂಡಲೇ ತೊಳೆದು, ಒರೆಸಿ, ತಿರುಪಿಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿಡಿ. ಹಿಟ್ಟು ಒಣಗಿ ತೂತು ಕಟ್ಟಿಕೊಂಡರೆ ಬಿಲ್ಲೆಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸೂಜಿಯಿಂದ ಒಂದೊಂದೇ ತೂತು ಬಿಡಿಸಬೇಕಾಗುತ್ತದೆ.