ನಾಲಿಗೆಯ ತುದಿಯಲ್ಲಿ ನಿಂತ ಹೆಸರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಬಿತ್ತಿ ಬಾಳಿದ ಹಿರಿಯರಲ್ಲಿ ಕೂರಿಗೆ, ಕುಂಟೆ, ರಂಟೆ ಮೊದಲಾದ ಪದಗಳ ಭಂಡಾರವೇ ಉಂಟು. ಆದರೂ ಪರಿಚಿತರೊಬ್ಬರ ಹೆಸರು ಅವರ ನಾಲಿಗೆಯ ತುದಿಗೆ ಬಂದು ನಿಂತುಬಿಡುವುದನ್ನು ನಾವು ಕಾಣುತ್ತೇವೆ. ಹಾಗಾದರೆ ಮುಪ್ಪು ಪದಗಳನ್ನು ಅಳಿಸಿಹಾಕುವುದೇ?

ಇಲ್ಲ. 1966ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಈ ತೊಡಕನ್ನು ಪ್ರಯೋಗಕ್ಕೊಳಪಡಿಸಿದರು. ಪದ ದೊರೆಯದಿದ್ದರೂ ಅದರ ಮೊದಲ ಅಕ್ಷರ ಹಲವು ಸಲ ಹೊಳೆಯುತ್ತಿತ್ತು. ವಯಸ್ಸಾದಂತೆ ಈ ತೊಡಕು ಹೆಚ್ಚುವುದೆಂದೂ, ವ್ಯಕ್ತಿನಾಮಗಳಲ್ಲಿ ವಿಶೇಷವೆಂದೂ 1991ರಲ್ಲಿ ಡೆಬೊರಾ ಬರ್ಕ್ ಮತ್ತು ಸಂಗಡಿಗರು ತೋರಿಸಿದರು.

ಅವರ ವಿವರಣೆಯಂತೆ ಸಡಿಲಗೊಳ್ಳುವುದು ಅರ್ಥದಿಂದ ಧ್ವನಿಗೆ ಸಾಗುವ ದಾರಿ, ಅರ್ಥವಲ್ಲ. ಕೂರಿಗೆಯೆಂದರೆ ಎತ್ತು, ಬೀಜ, ಸಾಲು ಎಲ್ಲವೂ ನೆನಪಾಗುವುವು; ವ್ಯಕ್ತಿಯ ಹೆಸರಿಗಾದರೋ ಒಂದೇ ಎಳೆಯ ಆಸರೆ. ಆದುದರಿಂದಲೇ ಹೇಳಲು ತಡವರಿಸಿದ ಹೆಸರನ್ನು ಇತರರು ನುಡಿದೊಡನೆ ಹಿರಿಯರು ಗುರುತಿಸುವರು. ಅವರ ಶಬ್ದಸಂಪತ್ತು ಬಹುಕಾಲ ಕುಂದದು.

ಅಜ್ಜ ತಡವರಿಸಿದಾಗ ನಾವು ನಗದೆ, ಕೊಂಚ ಕಾದು, ಮೊದಲ ಅಕ್ಷರವನ್ನು ನುಡಿಯೋಣ. ಅನೇಕ ವೇಳೆ ಅಷ್ಟೇ ಸಾಕು. ಆದರೆ ಕೂರಿಗೆ ಯಾವ ಕೆಲಸಕ್ಕೆ ಎಂಬುದೇ ಮರೆತುಹೋದರೆ ಅದನ್ನು ಮುಪ್ಪಿನ ಸಹಜ ಮರೆವೆಂದು ಸುಮ್ಮನಿರಬಾರದು, ವೈದ್ಯರನ್ನು ಕಾಣಬೇಕು.